ನಾನು ಹೇಳುವವರೆಗೂ ಕೆಳಗೆ ಕೂರಬೇಡಿ

ನಿವೃತ್ತನಾದ ದಿನ ಆಸ್ಪತ್ರೆಯವರು ನನಗೊಂದು ಗೋಡೆ ಗಡಿಯಾರ ಕೊಟ್ಟರು. ಅದರ ನಡುವೆ ನಮ್ಮ ಮೂಳೆ ವಿಭಾಗದ ರೋಬೋಟಿನ ಚಿತ್ರವಿದೆ. ಮೂವತ್ತೆರಡು ವರ್ಷದ ಕೆಲಸದಲ್ಲಿ ನಾನು ಆ ರೋಬೋಟನ್ನು ಮುಟ್ಟಿದ್ದು ಒಂದೇ ಸಲ, ಅದೂ ಆಯುಧಪೂಜೆಯ ದಿನ ಕುಂಕುಮ ಇಡುವುದಕ್ಕೆ. ಆಗಲೂ ಅದನ್ನು ನೋಡಿಕೊಳ್ಳುವ ಎಂಜಿನಿಯರ್ ಹುಡುಗಿ, "ಸಾರ್, ಕ್ಯಾಮೆರಾ ಹತ್ರ ಬೇಡ, ಕೆಳಗೆ ಚಕ್ರಕ್ಕೆ ಇಡಿ" ಎಂದು ಗದರಿದಳು. ಚಕ್ರಕ್ಕೇ ಇಟ್ಟೆ.

ನಾನು ಫಿಸಿಯೋಥೆರಪಿಸ್ಟ್. ಪೀಣ್ಯದ ಮಗ್ಗುಲಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ, ಸೊಂಟ ಮಂಡಿ ಬದಲಾಯಿಸಿಕೊಂಡವರನ್ನು ಹಾಸಿಗೆಯಿಂದ ಎಬ್ಬಿಸಿ ನಡೆಸುವುದು ನನ್ನ ಕೆಲಸವಾಗಿತ್ತು. ನೆಂಟರ ಲೆಕ್ಕದಲ್ಲಿ ನಾನು ಕಾಲೊತ್ತುವವನು. ನನ್ನ ಮಾವನವರಂತೂ ಕೊನೆಯವರೆಗೂ "ನಮ್ಮ ಅಳಿಯಂದ್ರು ಆಸ್ಪತ್ರೇಲಿ ಮಾಲೀಶು ಮಾಡ್ತಾರೆ" ಎಂದೇ ಪರಿಚಯಿಸಿದರು. ಈಗ ಈ ಕೆಲಸಕ್ಕೆ ಹೊಸದಾಗಿ ಸೇರಿರುವ ಇಬ್ಬರು ಮೂವರು, ನಿಮ್ಮ ಅನುಭವ ಬರೆದುಕೊಡಿ ಎಂದು ಗಂಟುಬಿದ್ದಿದ್ದಾರೆ. ನನಗೆ ಸಿಕ್ಕ ಬಡ್ತಿಗಳನ್ನು ಬರೆಯಹೊರಟರೆ ಎರಡು ಸಾಲಿಗೆ ಮುಗಿಯುತ್ತದೆ. ಮಾಡಿದ ತಪ್ಪುಗಳಿಗೆ ಜಾಗ ಬೇಕಾದ್ದರಿಂದ ಅವನ್ನೇ ಬರೆಯುತ್ತೇನೆ.

ನಾನು ಸೇರಿದ ಕಾಲದಲ್ಲಿ ಸೊಂಟದ ಕೀಲು ಬದಲಾಯಿಸುವ ಆಪರೇಷನ್ನು ಮರಗೆಲಸಕ್ಕೆ ಬಹಳ ಹತ್ತಿರವಿತ್ತು. ತೊಡೆಮೂಳೆಯ ತುದಿಯಲ್ಲಿರುವ ಸವೆದ ಗುಂಡನ್ನು ಕತ್ತರಿಸಿ ತೆಗೆದು ಲೋಹದ ಗುಂಡು ಕೂರಿಸಬೇಕು. ಅದು ತಿರುಗುವ ಕಡೆ ಮೂಳೆ ಕೆರೆದು ಒಂದು ಬಟ್ಟಲು ಕೂರಿಸಬೇಕು. ಬಟ್ಟಲು ಎಷ್ಟು ಓರೆಯಾಗಿರಬೇಕು ಅನ್ನುವುದು ಡಾಕ್ಟರ ಕಣ್ಣಳತೆ. ನಮ್ಮ ಚೀಫ್ ಡಾಕ್ಟರ್ ವಾಸುದೇವ್ ಒಂದು ಕಣ್ಣು ಮುಚ್ಚಿ ನೋಡಿ "ಕೂತಿದೆ" ಅನ್ನುತ್ತಿದ್ದರು. ಬಹುಪಾಲು ಕೂತೇ ಇರುತ್ತಿತ್ತು. ಕೂರದಿದ್ದರೆ, ರೋಗಿ ತೀರಾ ಬಗ್ಗಿದಾಗಲೋ ಕುಕ್ಕುರುಗಾಲಲ್ಲಿ ಕೂತಾಗಲೋ ಗುಂಡು ಬಟ್ಟಲಿನಿಂದ ಜಾರಿ ಹೊರಬರುತ್ತಿತ್ತು. ಹೀಗಾಗಿ ಎಲ್ಲರಿಗೂ ಒಂದೇ ಕಟ್ಟಪ್ಪಣೆ: ನೆಲದ ಮೇಲೆ ಕೂರುವ ಹಾಗಿಲ್ಲ. ಊಟ, ಪೂಜೆ, ಹರಟೆ ಎಲ್ಲ ಕುರ್ಚಿಯ ಮೇಲೆ.

ಈ ಅಪ್ಪಣೆಯನ್ನು ರೋಗಿಗಳಿಗೆ ತಲುಪಿಸುವವನು ನಾನು. ಮೊದಮೊದಲು ಮೆತ್ತಗೆ ಹೇಳುತ್ತಿದ್ದೆ. ನೆಲಗದರನಹಳ್ಳಿಯ ಒಬ್ಬ ಅಜ್ಜಿ ಇದ್ದರು. ಹೊಲವಿದ್ದ ಜಾಗದಲ್ಲಿ ಈಗ ನಾಲ್ಕು ಅಂತಸ್ತು ಎದ್ದಿದ್ದರೂ ಅವರಿಗೆ ನೆಲದ ಮೇಲೆ ಕೂತು ಉಂಡರೇ ಊಟ. "ಕುರ್ಚಿ ಮ್ಯಾಲೆ ಕುಂತ್ಕಂಡು ಉಂಡ್ರೆ ಅನ್ನ ಒಟ್ಟೆಗೆ ಇಳಿಯಾಕಿಲ್ಲ ಕಣಪ್ಪಾ" ಎಂದರು. ನಾನು ಕರಗಿ, "ಆದಷ್ಟೂ ಕೂರಬೇಡಿ ಅಜ್ಜಿ" ಅಂದೆ. ಗೌರಿ ಹಬ್ಬದ ದಿನ ಒಬ್ಬಟ್ಟು ತಟ್ಟಲು ಕೆಳಗೆ ಕೂತವರು ಆಂಬ್ಯುಲೆನ್ಸಿನಲ್ಲಿ ಬಂದರು. ಗುಂಡು ಜಾರಿತ್ತು, ಕೈಯಲ್ಲಿ ಇನ್ನೂ ಕಣಕ ಅಂಟಿತ್ತು. ಗುಂಡನ್ನು ಮತ್ತೆ ಕೂರಿಸಿ ಹೊರಬಂದ ಚೀಫ್ ಇಡೀ ವಾರ್ಡಿಗೆ ಕೇಳುವಂತೆ, "ನಂಜುಂಡಯ್ಯ, ಆದಷ್ಟೂ ಅನ್ನೋದು ಯಾವ ಮೆಡಿಕಲ್ ಟರ್ಮ್ ರೀ?" ಎಂದರು.

ಅವತ್ತೇ ನಾನು ಮೆತ್ತಗಿರುವುದನ್ನು ಬಿಟ್ಟೆ. ಮನೆಗೆ ಹೋಗುವ ರೋಗಿಗಳಿಗೆ ಕೊಡಲು ಒಂದು ಸೂಚನಾ ಹಾಳೆ ಬರೆದೆ. ಕೊನೆಯ ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕಿಸಿದೆ: "ನಾನು ಹೇಳುವವರೆಗೂ ಕೆಳಗೆ ಕೂರಬೇಡಿ." ಅದರ ಕೆಳಗೆ ನನ್ನ ಸಹಿ. ಆ ಸಾಲಿನ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು. ನನ್ನ ಇಡೀ ವೃತ್ತಿಯಲ್ಲಿ ಅಷ್ಟು ಸ್ಪಷ್ಟವಾಗಿ ಬರೆದದ್ದು ಇನ್ನೊಂದಿಲ್ಲ.

ಆಮೇಲೆ ರೋಬೋಟ್ ಬಂತು. ಹೊರಗೆ ದೊಡ್ಡ ಬ್ಯಾನರ್, ಒಳಗೆ ತೆಂಗಿನಕಾಯಿ. ಬಂದ ರೋಗಿಗಳೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು: ಆಪರೇಷನ್ ರೋಬೋಟೇ ಮಾಡೋದಾದರೆ ಡಾಕ್ಟರ್ ಎಲ್ಲಿರ್ತಾರೆ? ನಿಜ ಹೇಳಬೇಕೆಂದರೆ ಡಾಕ್ಟರ್ ಮೊದಲು ಎಲ್ಲಿದ್ದರೋ ಅಲ್ಲೇ ಇರುತ್ತಾರೆ. ಮೊದಲೇ ತೆಗೆದ ಸ್ಕ್ಯಾನಿನ ಮೇಲೆ ಕಂಪ್ಯೂಟರಿನಲ್ಲಿ ನಕ್ಷೆ ಹಾಕಿಕೊಳ್ಳುತ್ತಾರೆ. ಮೂಳೆ ಕೆರೆಯುವಾಗ ಉಪಕರಣ ಅವರ ಕೈಯಲ್ಲೇ ಇರುತ್ತದೆ. ರೋಬೋಟಿನ ತೋಳು ಅದನ್ನು ನಕ್ಷೆಯ ಗೆರೆ ದಾಟಲು ಬಿಡುವುದಿಲ್ಲ. ಚೀಫ್ ಒಂದು ಕಣ್ಣು ಮುಚ್ಚುವುದು ನಿಂತಿತು, ಅಷ್ಟೇ.

ನಮ್ಮಲ್ಲಿ ಅದರಿಂದ ಆಪರೇಷನ್ ಮಾಡಿಸಿಕೊಂಡ ಮೊದಲ ರೋಗಿ ಬಸಪ್ಪ. ಬಾಗಲಕೋಟೆ ಕಡೆಯವನು, ನಲವತ್ತು ದಾಟಿದ್ದ, ಪೀಣ್ಯದ ಒಂದು ಮೆಷಿನ್ ಶಾಪಿನಲ್ಲಿ ಸಿ.ಎನ್.ಸಿ. ಆಪರೇಟರ್. ತೊಡೆಮೂಳೆಯ ಗುಂಡಿಗೆ ರಕ್ತ ಹರಿಯುವುದು ನಿಂತು ಅದು ಒಳಗೇ ಕುಸಿದಿತ್ತು. ಅವನ ಕಂಪನಿಯ ಮೆಷಿನ್ನುಗಳೂ ಕಂಪ್ಯೂಟರ್ ಹೇಳಿದ ಗೆರೆಯಲ್ಲೇ ಕಬ್ಬಿಣ ಕೆರೆಯುವಂಥವು. ಹಾಗಾಗಿ ಚೀಫ್ ಇಂಗ್ಲಿಷ್ ವಿಡಿಯೋ ತೋರಿಸಿ ವಿವರಿಸಲು ಹೊರಟಾಗ ಬಸಪ್ಪ ಕೈಯೆತ್ತಿ ತಡೆದ.

"ತಿಳೀತು ಬಿಡ್ರಿ ಸರ. ಪ್ರೋಗ್ರಾಮ್ ಯಾರು ಹಾಕ್ತಾರ್ರಿ?"

"ನಾನೇ ಹಾಕ್ತೀನಿ."

"ದಿನಾ ಮೆಷಿನ್ ಚೆಕ್ ಮಾಡಿ ಚಾಲೂ ಮಾಡ್ತೀರೇನ್ರಿ? ಟಾಲರೆನ್ಸ್, ಅಂದ್ರ ಅಳತಿ ಹೆಚ್ಚುಕಮ್ಮಿ, ಎಷ್ಟ ಐತ್ರಿ?"

ಚೀಫ್ ಕುರ್ಚಿ ಎಳೆದುಕೊಂಡು ಅವನೆದುರು ಕೂತುಬಿಟ್ಟರು. ನನಗೆ ಅರ್ಥವಾಗದ ಭಾಷೆಯಲ್ಲಿ ಇಬ್ಬರೂ ಅರ್ಧ ಗಂಟೆ ಮಾತಾಡಿದರು. ಕೊನೆಗೆ ಬಸಪ್ಪ, "ಹಂಗಾರ ಈ ಮೆಷಿನ್ನಿಗೆ ನಾನು ಫಸ್ಟ್ ಪೀಸ್ ಅನ್ರಿ" ಎಂದು ನಕ್ಕ.

ಆಪರೇಷನ್ ಆದ ಮಾರನೆಯ ದಿನದಿಂದ ವಾಕರ್ ಹಿಡಿಸಿ ನಡೆಸುವಾಗ, ಫಸ್ಟ್ ಪೀಸ್ ಅಂದರೆ ಏನೆಂದು ಅವನೇ ವಿವರಿಸಿದ. ಮೆಷಿನ್ನಿಗೆ ಹೊಸ ಕೆಲಸ ಕೂರಿಸಿದಾಗ ಮೊದಲು ಬಂದ ತುಂಡನ್ನು ಅಳತೆ ನೋಡಲು ಇನ್‌ಸ್ಪೆಕ್ಟರ್ ಹತ್ತಿರ ಕಳಿಸುತ್ತಾರೆ. ಆತ ಓಕೆ ಎಂದು ಬರೆದುಕೊಡುವವರೆಗೂ ಆಪರೇಟರ್ ಎರಡನೇ ತುಂಡಿಗೆ ಕೈ ಹಾಕುವುದಿಲ್ಲ. ಮಾಲೀಕನೇ ಬಂದು ಕೂಗಾಡಿದರೂ ಕೈಕಟ್ಟಿ ನಿಲ್ಲಬೇಕು. ನಾನು ತಲೆದೂಗಿ ಕೇಳಿದೆ. ಅದನ್ನು ಅಷ್ಟಕ್ಕೇ ಬಿಡದೆ ನೆನಪಿಟ್ಟುಕೊಂಡಿದ್ದರೆ ಇಲ್ಲಿ ಬರೆಯಲು ನನಗೆ ಏನೂ ಇರುತ್ತಿರಲಿಲ್ಲ.

ಮನೆಗೆ ಹೊರಡುವ ದಿನ ನನ್ನ ಹಾಳೆಯನ್ನು ಎರಡು ಸಲ ಓದಿ ಕೇಳಿದ. "ಸರ, ಕೆಳಗ ಯಾವಾಗ ಕುಂದ್ರಬಹುದ್ರಿ? ಊಟಕ್ಕಾದ್ರೂ?"

"ನಾನು ಹೇಳುವವರೆಗೂ ಇಲ್ಲ."

"ಆತ್ರಿ. ನೀವು ಇನ್‌ಸ್ಪೆಕ್ಟರ್ ಅಂದಂಗಾತು" ಎಂದು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ. ಒಬ್ಬನಾದರೂ ಮಾತು ಕೇಳುವ ರೋಗಿ ಸಿಕ್ಕಿದನಲ್ಲ ಎಂದು ನನಗೆ ಖುಷಿಯಾಯಿತು.

ಕೆಲವು ತಿಂಗಳ ನಂತರ ಚೀಫ್ ಯಾವುದೋ ಸಮ್ಮೇಳನಕ್ಕೆ ಹೋಗಿ ಬಂದರು. ಹೋಗಿಬಂದಾಗಲೆಲ್ಲ ಅವರು ಒಂದು ಹಳೆಯ ನಿಯಮವನ್ನು ಅಲ್ಲೇ ಬಿಟ್ಟು ಬರುತ್ತಿದ್ದರು. ಈ ಸಲ ಬಿಟ್ಟುಬಂದದ್ದು ನನ್ನ ದಪ್ಪ ಅಕ್ಷರದ ಸಾಲನ್ನು. "ಬಟ್ಟಲು ಸರಿಯಾಗಿ ಕೂತಿದ್ರೆ ಇಷ್ಟೊಂದು ಹೆದರಿಸೋದು ಬೇಡ ರೀ. ಮೂರು ತಿಂಗಳಾದ್ಮೇಲೆ ಒಬ್ಬೊಬ್ಬರನ್ನೇ ನೋಡಿ, ನಿಧಾನಕ್ಕೆ ಕೂರೋದು ಕಲಿಸಿ. ಹಳಬರಿಗೂ ಫೋನ್ ಮಾಡಿ ಕರೆಸಿ" ಎಂದರು. ಹೊಸ ಹಾಳೆ ಅಚ್ಚಾಯಿತು. ನಾನು ಹಳಬರ ಪಟ್ಟಿ ಹಿಡಿದು ಫೋನ್ ಮಾಡುತ್ತಾ ಕೂತೆ.

ಬಸಪ್ಪನ ಕಡತದಲ್ಲಿದ್ದ ನಂಬರಿಗೆ ಮಾಡಿದರೆ ಎತ್ತಿದ್ದು ಅವನ ಮನೆ ಓನರ್ ಮುನಿಶಾಮಪ್ಪ. ರಾಜಗೋಪಾಲನಗರದ ವಠಾರಗಳಲ್ಲಿ ಅದೊಂದು ರೂಢಿ. ಬಾಡಿಗೆಯವರ ಸಿಮ್ ಬದಲಾಗುತ್ತದೆ, ಶಿಫ್ಟ್ ಬದಲಾಗುತ್ತದೆ. ಓನರ್ ನಂಬರ್ ಮಾತ್ರ ಬದಲಾಗುವುದಿಲ್ಲ. ಹಾಗಾಗಿ ಯಾವ ಫಾರಂ ತುಂಬುವುದಿದ್ದರೂ ಅದನ್ನೇ ಬರೆಸುತ್ತಾರೆ.

"ಬಸಪ್ಪ ಡ್ಯೂಟಿಗೋಗವ್ನೆ ಸಾ. ಏನೇಳ್ಬೇಕು?"

"ಹೇಗಿದ್ದಾರೆ?"

"ಸಂದಾಗವ್ನೆ."

"ಒಂದು ಸಲ ಬಂದು ನಂಜುಂಡಯ್ಯನವರನ್ನ ನೋಡಬೇಕಂತೆ ಅಂತ ಹೇಳಿ."

"ಆಯ್ತು ಸಾ."

ಫೋನ್ ಇಟ್ಟವನೇ 'ತಿಳಿಸಲಾಗಿದೆ' ಎಂಬ ಕಾಲಮ್ಮಿನಲ್ಲಿ ಟಿಕ್ ಹಾಕಿದೆ. ಕೆಳಗೆ ಇನ್ನೂ ಮೂವತ್ತು ಹೆಸರಿದ್ದವು, ಕ್ಯಾಂಟೀನಿನಲ್ಲಿ ಅವತ್ತು ಬಿಸಿಬೇಳೆಭಾತ್ ಇತ್ತು. ನನ್ನ ವೃತ್ತಿಜೀವನದ ದೊಡ್ಡ ತಪ್ಪು ಇದೇ. ಅದನ್ನು ಮಾಡುವುದಕ್ಕೆ ಅರೆ ನಿಮಿಷವೂ ಹಿಡಿಯಲಿಲ್ಲ.

ಬಸಪ್ಪ ಬರಲಿಲ್ಲ. ಬರಲಿಲ್ಲ ಎಂಬುದು ನನ್ನ ಗಮನಕ್ಕೂ ಬರಲಿಲ್ಲ. ಅದಾದ ಮೇಲೆ ವರ್ಷಕ್ಕೊಮ್ಮೆ ದಾಖಲೆ ವಿಭಾಗದವರು ರೋಬೋಟಿನ ರೋಗಿಗಳಿಗೆಲ್ಲ ಫೋನ್ ಮಾಡಿ, ದೀರ್ಘಕಾಲದ ಫಲಿತಾಂಶ ಎಂಬ ಕಡತ ತುಂಬಿಸುತ್ತಿದ್ದರು. ಸಹಿ ನನ್ನದು. ಪ್ರಶ್ನೆಗಳು ಯಾವುದೋ ಚಳಿದೇಶದಿಂದ ಬಂದವು. ಸಾಕ್ಸ್ ಹಾಕಿಕೊಳ್ಳಲು ಕಷ್ಟವಾಗುತ್ತದೆಯೇ? ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯುತ್ತೀರಾ? ಸಾಮಾನ್ಯ ಕುರ್ಚಿಯಲ್ಲಿ ಒಂದು ಗಂಟೆ ಆರಾಮವಾಗಿ ಕೂರಬಲ್ಲಿರಾ? ನೆಲದ ಮೇಲೆ ಕೂರುವುದರ ಬಗ್ಗೆ ಒಂದು ಪ್ರಶ್ನೆಯೂ ಇರಲಿಲ್ಲ. ಆ ದೇಶದವರಿಗೆ ಹೊಳೆದಿರಲಿಲ್ಲ. ಹೊಳೆಯಬೇಕಾಗಿದ್ದ ನನಗೂ ಹೊಳೆಯಲಿಲ್ಲ. ಬಸಪ್ಪನ ಹೆಸರಿನ ಮುಂದೆ ಪ್ರತಿವರ್ಷ ಪೂರ್ತಿ ಅಂಕ.

ಹೀಗೆ ಎಂಟು ವರ್ಷ ಕಳೆಯಿತು, ನನಗೆ ಗಡಿಯಾರ ಸಿಕ್ಕಿತು. ಮೂರು ತಿಂಗಳ ನಂತರ ಚೀಫ್ ಫೋನ್ ಮಾಡಿದರು. ರೋಬೋಟಿನ ದೀರ್ಘಕಾಲದ ಫಲಿತಾಂಶದ ಬಗ್ಗೆ ಅವರು ಭಾಷಣ ಮಾಡಬೇಕಿತ್ತು. "ಫಸ್ಟ್ ಕೇಸ್‌ದು ಹೊಸ ಎಕ್ಸ್‌ರೇ ಬೇಕು ನಂಜುಂಡಯ್ಯ. ಆ ನಂಬರಿಗೆ ಮಾಡಿದ್ರೆ ಯಾರೋ ಚೆನ್ನಾಗಿದಾನೆ ಅಂದು ಇಟ್ಟುಬಿಡ್ತಾರೆ. ನಿಮ್ಮ ಮನೆ ಬಾಗಲಗುಂಟೆ ಅಲ್ವಾ, ನಿಮಗೆ ಹತ್ರ ಆಗುತ್ತೆ, ಸ್ವಲ್ಪ ಹೋಗಿ ನೋಡ್ತೀರಾ?" ಎಂದರು. ಮನೆಯಲ್ಲಿ ಕೂತು ಹೆಂಡತಿಯ ಕೈಯಲ್ಲಿ ಬೈಸಿಕೊಳ್ಳುವ ಬದಲು ಇದೇ ವಾಸಿ ಎಂದು ಹೊರಟೆ.

ಮುನಿಶಾಮಪ್ಪ ವಠಾರದ ಗೇಟಿನಲ್ಲೇ ಸಿಕ್ಕರು. ನಾನು ಯಾರೆಂದು ತಿಳಿದೊಡನೆ, "ಓ, ವರ್ಸಾ ವರ್ಸಾ ಫೋನ್ ಮಾಡ್ತಿದ್ರಲ್ಲ, ನೀವೇನಾ? ಎಲ್ಲಾ ನಾನೇ ಏಳ್ತಿದ್ದೆ ಸಾ" ಎಂದು ಹೆಮ್ಮೆಯಿಂದ ಹೇಳಿದರು.

"ಎಲ್ಲಾ ನೀವೇನಾ? ಸಾಕ್ಸ್ ಪ್ರಶ್ನೆ?"

"ಡ್ಯೂಟಿಗೆ ಶೂ ಆಕ್ಕೊಂಡೋಗದ ನಾನೇ ನೋಡ್ತೀನಲ್ಲ, ಏನೂ ಕಷ್ಟ ಇಲ್ಲ ಅಂದೆ. ಮೆಟ್ಲು ಅತ್ತವ್ನೆ, ಇಳೀತವ್ನೆ. ಕುರ್ಚಿ ಮ್ಯಾಲೆ ಬೇಕಾದಷ್ಟೊತ್ತು ಕುಂತಿರ್ತನೆ. ಒಂದೂ ಸುಳ್ಳೇಳಿಲ್ಲ ಸಾ."

"ಮೊದಲನೇ ವರ್ಷ ನನ್ನ ಬಂದು ನೋಡೋಕೆ ಹೇಳಿ ಅಂದಿದ್ದೆನಲ್ಲ?"

ಮುನಿಶಾಮಪ್ಪ ತಲೆ ಕೆರೆದುಕೊಂಡರು. "ಅಂದಿರ್ತೀರ ಸಾ. ಅವತ್ತೇನಾರ ಬೋರ್‌ವೆಲ್ ಮೋಟ್ರು ಕೆಟ್ಟಿತ್ತೇನೋ, ಮರ್ತೋಗಿರ್ಬೇಕು."

ಆಸ್ಪತ್ರೆಯ ಎಂಟು ವರ್ಷದ ವೈಜ್ಞಾನಿಕ ದಾಖಲೆ ಒಬ್ಬ ಓನರ್ ತನ್ನ ಬಾಡಿಗೆದಾರನ ಬಗ್ಗೆ ಕೊಟ್ಟ ಅಭಿಪ್ರಾಯ ಎಂದು ನನಗೆ ಆಗ ತಿಳಿಯಿತು. ನಗು ಬಂತು. ನಗುತ್ತಲೇ ಮೊದಲ ಮಹಡಿ ಹತ್ತಿದೆ.

ಬಾಗಿಲು ತೆಗೆದವನು ಬಸಪ್ಪನೇ. ಕುಂಟು ಇಲ್ಲ, ವಾಲು ಇಲ್ಲ, ನೆಟ್ಟಗೆ ನಡೆದು ಬಂದು ಕೈಮುಗಿದ. ಆ ನಡಿಗೆ ನೋಡಿ ನನಗಾದ ಸಂತೋಷ ದೊಡ್ಡದು. ಹೆಂಡತಿ ಶಾಂತವ್ವ ರೊಟ್ಟಿ ಬಡಿಯುತ್ತಿದ್ದರು. ಊಟದ ಹೊತ್ತು, ಬಿಡಲಿಲ್ಲ. ನನಗೊಂದು ಸ್ಟೂಲು ಕೊಟ್ಟರು. ಬಸಪ್ಪ ಗೋಡೆಯ ಪಕ್ಕದ ನೀಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡ. ಶಾಂತವ್ವ ಕೆಳಗೆ, ಗೋಡೆಗೆ ಮುಖ ಮಾಡಿ ಒಬ್ಬರೇ ಕೂತರು.

"ಯಾಕೆ ಬಸಪ್ಪ, ಕೆಳಗೆ ಕೂತರೆ ನೋವಾಗುತ್ತಾ?"

"ಗೊತ್ತಿಲ್ರಿ ಸರ. ಕುಂತಿಲ್ಲ."

"ಕೂತಿಲ್ಲ ಅಂದರೆ?"

ಅವನು ಗೋಡೆಯ ಕಡೆ ಕೈ ತೋರಿಸಿದ. ಕ್ಯಾಲೆಂಡರಿನ ಪಕ್ಕ, ಫ್ಯಾಕ್ಟರಿಯಲ್ಲಿ ಮೆಷಿನ್ನಿನ ಮೇಲೆ ನಕ್ಷೆ ತೂಗುಹಾಕುವಂತೆ, ಪ್ಲಾಸ್ಟಿಕ್ ಹಾಳೆಯೊಳಗೆ ನನ್ನ ಸೂಚನಾಪತ್ರ ತೂಗುತ್ತಿತ್ತು. ನಾಲ್ಕು ಮಡಿಕೆಯ ಗುರುತು, ದಪ್ಪ ಅಕ್ಷರದ ಸಾಲು, ಕೆಳಗೆ ನನ್ನ ಸಹಿ.

"ನೀವು ಹೇಳಿಲ್ಲಲ್ರಿ" ಎಂದ. ಆಕ್ಷೇಪವಿಲ್ಲ, ವ್ಯಂಗ್ಯವಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ.

ಶಾಂತವ್ವ ತಿರುಗಿ ನೋಡಿದರು. "ನೀವೇನ್ರಿ ಆ ಸಹಿ ಮಾಡಿದವ್ರು? ಎಂಟು ವರ್ಷ ದಿನಾ ನಿಮ್ಮ ಸಹಿ ನೋಡೀನ್ರಿ. ನಿಮ್ಮ ಮಾರಿ ಇವತ್ತ ನೋಡಿದೆ."

ನಾನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದೆ. "ಒಂದು ಸಲ ಬಂದು ಕೇಳಬಾರದಾಗಿತ್ತಾ ಬಸಪ್ಪ?"

"ಒಂದು ವರ್ಷಕ್ಕ ಎಕ್ಸ್‌ರೇಗೆ ಬಂದಿದ್ನೆಲ್ರಿ. ಸಣ್ಣ ಡಾಕ್ಟ್ರು, ಎಲ್ಲಾ ಸೂಪರ್ ಐತಿ, ಹಿಂಗ ಕಂಟಿನ್ಯೂ ಮಾಡು ಅಂದ್ರು. ಮಾಡಿದೆ. ಇನ್‌ಸ್ಪೆಕ್ಟರ್ ಮುಂದ ನಿಂತು ಓಕೆ ಕೊಡ್ರಿ, ಓಕೆ ಕೊಡ್ರಿ ಅಂತ ಆಪರೇಟರ್ ಕೇಳಬಾರದ್ರಿ ಸರ."

"ಮಗಳ ಮದವಿ ಮುಂದ ಕೇಳಾಕ ಹೋಗಿದ್ರಲ್ಲ, ಅದನ್ನೂ ಹೇಳ್ರಿ" ಎಂದರು ಶಾಂತವ್ವ. ಕೊನೆಗೆ ಅವರೇ ಹೇಳಿದರು. ಮೂರು ವರ್ಷದ ಹಿಂದೆ, ಧಾರೆ ಎರೆಯಲು ಕೆಳಗೆ ಕೂರಬಹುದೇ ಎಂದು ಕೇಳಲು ಆತ ಆಸ್ಪತ್ರೆಗೆ ಬಂದಿದ್ದ. ನಾನು ಎರಡು ದಿನ ರಜೆ ಹಾಕಿ ಮನೆದೇವರಿಗೆ ಹೋಗಿದ್ದೆ. ಕೌಂಟರಿನವರು, ನಂಜುಂಡಯ್ಯ ಸಾರ್ ಬರೆದುಕೊಟ್ಟಿದ್ದರೆ ಅವರೇ ಹೇಳಬೇಕು ಎಂದು ಕಳಿಸಿದರು. ಮದುವೆ ಊರಲ್ಲಿತ್ತು, ಮತ್ತೆ ಬರಲು ಪುರಸೊತ್ತಿರಲಿಲ್ಲ.

ಹಾಳೆಯ ಪಕ್ಕದಲ್ಲೇ ಮದುವೆಯ ಫೋಟೋ ಇತ್ತು. ಮಣೆಯ ಮೇಲೆ ಕೂತು ಧಾರೆ ಎರೆಯುತ್ತಿರುವವರು ಬಸಪ್ಪನ ತಮ್ಮ ಮತ್ತು ತಮ್ಮನ ಹೆಂಡತಿ. ಹೆತ್ತವರಿಬ್ಬರೂ ಹಿಂದೆ ನಿಂತಿದ್ದಾರೆ. ಶಾಂತವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಾರೆ. ನಾನು ಆ ಫೋಟೋ ನೋಡುತ್ತಾ ಕೂತೆ. ಕ್ಷಮಿಸಿ ಎಂದೆ. ಬಸಪ್ಪ "ಇರ್ಲಿ ಬಿಡ್ರಿ" ಎಂದ. ಶಾಂತವ್ವ ಹಾಗನ್ನಲಿಲ್ಲ, ಅನ್ನಬೇಕಾದ ಅಗತ್ಯವೂ ಇರಲಿಲ್ಲ.

ಮಾರನೆಯ ದಿನ ಅವನನ್ನು ಕರೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿದೆ. ಚೀಫ್ ಫಿಲ್ಮನ್ನು ಬೆಳಕಿಗೆ ಹಿಡಿದು ಕುಣಿಯುವುದೊಂದು ಬಾಕಿ. ಬಟ್ಟಲು ಇಟ್ಟಲ್ಲೇ ಇತ್ತು, ಸವೆತವಿಲ್ಲ, ಸಡಿಲವಿಲ್ಲ. "ನೋಡಿ ನಂಜುಂಡಯ್ಯ, ರೋಬೋಟ್ ಅಂದ್ರೆ ಇದು!" ಎಂದರು. ಈತ ಎಂಟು ವರ್ಷದಿಂದ ಒಂದು ದಿನವೂ ನೆಲದ ಮೇಲೆ ಕೂತಿಲ್ಲ ಎಂದು ನಾನು ಹೇಳಿದೆ. ಯಾಕೆ ಎಂಬುದನ್ನೂ ಹೇಳಿದೆ. ಅವರು ಫಿಲ್ಮ್ ಕೆಳಗಿಟ್ಟರು.

"ಹಾಗಾದ್ರೆ ಇದು ರೋಬೋಟ್ ರಿಸಲ್ಟೋ, ನಿಮ್ಮ ಚೀಟಿ ರಿಸಲ್ಟೋ?"

ರೋಬೋಟ್ ಬಟ್ಟಲನ್ನು ನಕ್ಷೆಯಲ್ಲಿದ್ದ ಕಡೆಯೇ ಕೂರಿಸುತ್ತದೆ, ಅದನ್ನು ಎಕ್ಸ್‌ರೇಗಳಲ್ಲಿ ಕಣ್ಣಾರೆ ಕಂಡಿದ್ದೇನೆ. ಅದರಿಂದ ಕೀಲು ಹೆಚ್ಚು ವರ್ಷ ಬಾಳುತ್ತದೆಯೇ ಅನ್ನುವುದನ್ನು ವರ್ಷಗಳೇ ಹೇಳಬೇಕು. ನೆಲಗದರನಹಳ್ಳಿಯ ಅಜ್ಜಿ ಚೀಫ್ ಒಂದು ಕಣ್ಣು ಮುಚ್ಚಿ ಕೂರಿಸಿದ ಬಟ್ಟಲಿನಲ್ಲೇ, ನನ್ನ ಮಾತನ್ನು ಕಿವಿಗೇ ಹಾಕಿಕೊಳ್ಳದೆ, ನೆಲದ ಮೇಲೆ ಕೂತು ಉಣ್ಣುತ್ತಾ ಹದಿನಾಲ್ಕು ವರ್ಷ ಓಡಾಡಿಕೊಂಡಿದ್ದರು. ಹೊಸಬರಿಗೆ ನಾನು ಹೇಳಬಹುದಾದದ್ದು ಇಷ್ಟೇ: ಫೋನ್ ಎತ್ತಿದವರು ರೋಗಿಯೇ ಹೌದೋ ಎಂದು ಮೊದಲು ಕೇಳಿ. ಮತ್ತು ಯಾರಿಗಾದರೂ 'ನಾನು ಹೇಳುವವರೆಗೂ' ಅಂದಿದ್ದರೆ, ಹೋಗಿ ಹೇಳಿ.

ಚೀಫ್ ಬಸಪ್ಪನನ್ನು ಪೂರ್ತಿ ಪರೀಕ್ಷಿಸಿ ಕೂರಬಹುದು ಎಂದರು. ಎಂಟು ವರ್ಷ ಮಡಚದ ಕಾಲು ಒಂದೇ ದಿನಕ್ಕೆ ಮಡಚುವುದಿಲ್ಲ. ಸಂಬಳವಿಲ್ಲದೆ ಮೂರು ವಾರ ಅವನ ಮನೆಗೆ ಹೋದೆ. ಎತ್ತರದ ಸ್ಟೂಲು, ಗಿಡ್ಡ ಸ್ಟೂಲು, ಮಣೆ, ಮಣೆಯ ಮೇಲೆ ಮಡಚಿದ ಕಂಬಳಿ, ಹೀಗೆ ಸ್ವಲ್ಪ ಸ್ವಲ್ಪವೇ ಕೆಳಗಿಳಿದೆವು. ಕೊನೆಯ ಭಾನುವಾರ ಶಾಂತವ್ವ ಚಾಪೆ ಹಾಸಿ ಮೂರು ತಟ್ಟೆ ಇಟ್ಟರು. ಹೇಗೆ ಕೂರಬೇಕೆಂದು ತೋರಿಸಲು ಮೊದಲು ನಾನು ಕೂತೆ. ಬಸಪ್ಪ ಚಾಪೆಯ ಅಂಚಿನಲ್ಲಿ ನಿಂತೇ ಇದ್ದ.

"ಏನು ನೋಡ್ತಿದ್ದೀರಿ?"

"ನೀವು ಹೇಳ್ಬೇಕ್ರಿ."

"ಹೇಳಿದೆ ಬಸಪ್ಪ. ಓಕೆ. ಕೂತ್ಕೊಳ್ಳಿ."

ಒಂದು ಕೈ ಗೋಡೆಗೆ ಕೊಟ್ಟು ನಿಧಾನವಾಗಿ ಇಳಿದು, ಕಾಲು ಮಡಚಿ, ನೆಟ್ಟಗೆ ಕೂತ. ಶಾಂತವ್ವ ಅವನ ತಟ್ಟೆಯನ್ನು ತಮ್ಮ ತಟ್ಟೆಗೆ ತಾಗಿಸಿ ಇಟ್ಟರು. ಇಬ್ಬರೂ ನನ್ನನ್ನು ಮರೆತು ಉಂಡರು. ನನಗೂ ಅದೇ ಬೇಕಾಗಿತ್ತು.

ಊಟವಾದ ಮೇಲೆ ಬಸಪ್ಪ ತಾನೇ ಎದ್ದು ಕೈತೊಳೆದು ಬಂದ. ನಾನು ಏಳಲು ನೋಡಿದೆ. ಆಗಲಿಲ್ಲ. ಮೂವತ್ತೆರಡು ವರ್ಷ ಊರವರನ್ನೆಲ್ಲ ಎಬ್ಬಿಸಿದ ನನ್ನ ಎರಡು ಮಂಡಿಗಳು ಚಾಪೆಗೆ ಅಂಟಿಕೊಂಡಿದ್ದವು. ಗೋಡೆ ಹಿಡಿದು ಇನ್ನೊಮ್ಮೆ ಪ್ರಯತ್ನಿಸುವಷ್ಟರಲ್ಲಿ ಶಾಂತವ್ವ ಅಡುಗೆ ಕಟ್ಟೆಯ ಕಡೆಯಿಂದ ತಿರುಗಿದರು. ಅವರ ಮುಖದಲ್ಲಿ ನಗು ಕಂಡದ್ದು ಅದೇ ಮೊದಲು.

"ಸುಮ್ಮ ಕುಂದ್ರ್ರಿ ಸರ" ಎಂದರು. "ನಾ ಹೇಳೂತನಕ ಏಳಬ್ಯಾಡ್ರಿ."

ಕೂತೆ.